ಎರಡು ಟೆಸ್ಟಿನ ಬೌಲರ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಇವು ನಮ್ಮ ಕಡೆಯ ತಾಲ್ಲೂಕುಗಳು. ಇಲ್ಲಿ ಕ್ರಿಕೆಟ್ ಟೂರ್ನಮೆಂಟು ನಡೆದಾಗಲೆಲ್ಲ ಹಳೆಯ ಬೌಲರ್ ಒಬ್ಬನ ಬಗ್ಗೆ ಒಂದು ಮಾತು ಬಂದೇ ಬರುತ್ತದೆ: ‘ಚೆನ್ನಾಗೇ ಹಾಕ್ತಿದ್ದ, ಆದ್ರೆ ಮೇಲಕ್ಕೆ ಹೋಗ್ಲಿಲ್ಲ.’ ಈ ‘ಮೇಲೆ’ ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಪಾವಗಡದ ಹುಡುಗನಿಗೆ ತುಮಕೂರೇ ಮೇಲೆ. ತುಮಕೂರಿನವನಿಗೆ ಬೆಂಗಳೂರಿನ ಲೀಗ್, ಲೀಗ್ ಆಡುವವನಿಗೆ ರಣಜಿ, ರಣಜಿ ಆಡಿದವನಿಗೆ ಟೆಸ್ಟ್. ಯಾರು ಎಲ್ಲಿ ನಿಂತರೋ ಆ ಮೆಟ್ಟಿಲನ್ನು ನೋಡಿಯೇ ನಾವು ಅವರನ್ನು ಅಳೆದುಬಿಡುತ್ತೇವೆ. ಈ ಅಳತೆ ಸರಿಯಿಲ್ಲ ಎಂದು ನನಗೆ ಅನ್ನಿಸಿದ್ದು ರಘುರಾಮ್ ಭಟ್ ಅವರ ಆಟದ ಚರಿತ್ರೆಯನ್ನು ಓದಿದಾಗ.

ಭಟ್ ಹುಟ್ಟಿದ್ದು 1958ರಲ್ಲಿ, ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. ಎಡಗೈ ಸ್ಪಿನ್ನರ್. ಅವರು ಕರ್ನಾಟಕ ತಂಡಕ್ಕೆ ಬರುವ ಹೊತ್ತಿಗೆ ಪ್ರಸನ್ನ, ಚಂದ್ರಶೇಖರ್ ಅವರ ದೊಡ್ಡ ಕಾಲ ಮುಗಿಯುತ್ತಾ ಬಂದಿತ್ತು. 1973-74ರಲ್ಲಿ ಮೊದಲ ಸಲ ರಣಜಿ ಟ್ರೋಫಿ ಗೆದ್ದಿದ್ದ ತಂಡಕ್ಕೆ ಹೊಸ ಸ್ಪಿನ್ನರ್ ಬೇಕಿತ್ತು.

1981-82ರ ರಣಜಿ ಸೆಮಿಫೈನಲ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎದುರಾಳಿ ಬಾಂಬೆ; ನಾಯಕ ಸುನಿಲ್ ಗಾವಸ್ಕರ್. ಮೊದಲ ಇನ್ನಿಂಗ್ಸ್‌ನಲ್ಲಿ ಭಟ್ ಗುಲಾಂ ಪಾರ್ಕರ್, ಅಶೋಕ್ ಮಂಕಡ್, ಸುರು ನಾಯಕ್ ಅವರನ್ನು ಸತತ ಮೂರು ಎಸೆತಗಳಲ್ಲಿ ಔಟ್ ಮಾಡಿ ಹ್ಯಾಟ್ರಿಕ್ ಪಡೆದರು. 123 ರನ್ನಿಗೆ 8 ವಿಕೆಟ್. ಬಾಂಬೆ 271ಕ್ಕೆ ಮುಗಿಯಿತು, ಕರ್ನಾಟಕ 470 ಹೊಡೆಯಿತು. ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುಂದಿರುವವರೇ ಗೆದ್ದಂತೆ. ಹಾಗಾಗಿ ಬಾಂಬೆಗೆ ಉಳಿದದ್ದು ಒಂದೇ ಕೆಲಸ: ಪೂರ್ಣ ಸೋಲನ್ನು ತಪ್ಪಿಸಿಕೊಳ್ಳುವುದು.

ಪಿಚ್ ಒಡೆದಿತ್ತು, ಚೆಂಡು ವಿಪರೀತ ತಿರುಗುತ್ತಿತ್ತು. ಎಡಗೈ ಸ್ಪಿನ್ನರನ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ತಿರುಗುತ್ತದೆ. ಬ್ಯಾಟಿನ ಅಂಚಿಗೆ ತಾಗಿದರೆ ಸ್ಲಿಪ್‌ನಲ್ಲಿ ಕ್ಯಾಚು. ಎಡಗೈಯವನಿಗೆ ಅದೇ ಚೆಂಡು ಒಳಕ್ಕೆ ಬರುತ್ತದೆ. ಗಾವಸ್ಕರ್ ಈ ಲೆಕ್ಕ ಹಾಕಿ, ಭಟ್ ಬೌಲ್ ಮಾಡಿದಾಗ ಎಡಗೈಯಲ್ಲಿ, ಬೇರೆಯವರು ಬೌಲ್ ಮಾಡಿದಾಗ ಬಲಗೈಯಲ್ಲಿ ಆಡಿದರು. ಔಟಾಗದೆ 18 ರನ್ ಗಳಿಸಿದರು. ಬಾಂಬೆ 9 ವಿಕೆಟ್‌ಗೆ 200 ರನ್ ಮಾಡಿ ಪೂರ್ಣ ಸೋಲಿನಿಂದ ಪಾರಾಯಿತು; ಕರ್ನಾಟಕ ಫೈನಲ್ ತಲುಪಿತು. ಭಟ್ ಅವರಿಗೆ ಪಂದ್ಯದಲ್ಲಿ ಒಟ್ಟು 13 ವಿಕೆಟ್.

ಈ ಕಥೆಯನ್ನು ಸಾಮಾನ್ಯವಾಗಿ ಗಾವಸ್ಕರ್ ಅವರ ಜಾಣತನದ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಬೌಲರನ ಕಥೆಯಾಗಿಯೇ ಕಾಣುತ್ತದೆ. ಆ ಕಾಲದ ಜಗತ್ತಿನ ವೇಗದ ಬೌಲರ್‌ಗಳನ್ನೆಲ್ಲ ಹೆಲ್ಮೆಟ್ ಇಲ್ಲದೆ ಎದುರಿಸಿದ ಮನುಷ್ಯ, ಪುತ್ತೂರಿನ ಈ ಯುವಕನಿಗಾಗಿ ತನ್ನ ಕೈಯನ್ನೇ ಬದಲಿಸಿಕೊಂಡರು!

ಒಂದೂವರೆ ವರ್ಷದ ನಂತರ ಭಟ್ ಅವರಿಗೆ ಭಾರತ ತಂಡದಿಂದ ಕರೆ ಬಂತು. 1983ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಟೆಸ್ಟ್. ಅಲ್ಲಿ ಜಾವೇದ್ ಮಿಯಾಂದಾದ್ ಅವರ ವಿಕೆಟ್ ಸಿಕ್ಕಿತು. ಅದೇ ತಿಂಗಳು ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಎರಡನೆಯದು. ಅಲ್ಲಿ ಕ್ಲೈವ್ ಲಾಯ್ಡ್ ಔಟಾದರು. ಆ ಪಂದ್ಯವನ್ನು ಮಾರ್ಷಲ್ ಅವರ ವೇಗ ನುಂಗಿಹಾಕಿತು, ಭಾರತ ಇನ್ನಿಂಗ್ಸ್ ಸೋಲು ಕಂಡಿತು. ಎರಡು ಟೆಸ್ಟ್, ನಾಲ್ಕು ವಿಕೆಟ್. ಮತ್ತೆ ಕರೆ ಬರಲಿಲ್ಲ. ಆಗ ಅವರಿಗೆ ವಯಸ್ಸು 25. ತಂಡದಲ್ಲಿ ಎಡಗೈ ಸ್ಪಿನ್ನಿಗೆ ರವಿ ಶಾಸ್ತ್ರಿ, ಮಣಿಂದರ್ ಸಿಂಗ್ ಇದ್ದರು. ಶಾಸ್ತ್ರಿ ಬ್ಯಾಟಿಂಗನ್ನೂ ಮಾಡುತ್ತಿದ್ದರು.

ಇಲ್ಲಿಗೆ ಕಥೆ ನಿಲ್ಲಿಸಿದರೆ ಅದು ‘ಮೇಲಕ್ಕೆ ಹೋಗಿ ಉಳಿಯದವನ’ ಕಥೆ. ಆದರೆ ಭಟ್ ನಿಲ್ಲಲಿಲ್ಲ. ಮತ್ತೆ ರಣಜಿಗೆ ಬಂದು ವರ್ಷಗಟ್ಟಲೆ ಕರ್ನಾಟಕಕ್ಕೆ ಬೌಲ್ ಮಾಡಿದರು. ಆ ಎರಡು ಟೆಸ್ಟೂ ಸೇರಿ ಪ್ರಥಮ ದರ್ಜೆಯಲ್ಲಿ 82 ಪಂದ್ಯ, 374 ವಿಕೆಟ್. ಅಂದರೆ ಪಂದ್ಯಕ್ಕೆ ನಾಲ್ಕೂವರೆ ವಿಕೆಟ್. ಅದರಲ್ಲಿ 370 ವಿಕೆಟ್, ಟೆಸ್ಟ್ ಮಾತ್ರ ನೋಡುವವರ ಕಣ್ಣಿಗೆ ಬೀಳದವು. 2022ರಲ್ಲಿ ಅವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು.

ಟೆಸ್ಟ್ ಆಡಿದವರು ಕೈಬೆರಳಿನಷ್ಟು. ಉಳಿದವರೆಲ್ಲ ಸೋತವರೆಂದರೆ, ಆಟವೇ ಹೆಚ್ಚೂಕಡಿಮೆ ಸೋತವರಿಂದ ನಡೆಯುತ್ತಿದೆ ಎಂದಾಗುತ್ತದೆ. ಒಬ್ಬ ಬೌಲರ್ ಎಷ್ಟು ಎತ್ತರಕ್ಕೆ ಹೋದ ಎಂದು ಕೇಳುವ ಬದಲು, ಅವನು ಚೆಂಡು ಹಿಡಿದಾಗ ಎದುರಿಗಿದ್ದವನು ಏನು ಮಾಡಿದ ಎಂದು ಕೇಳಬಹುದು. ತಾಲ್ಲೂಕು ಮೈದಾನದಲ್ಲೂ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಚಿನ್ನಸ್ವಾಮಿಯಲ್ಲಿ ಆ ಉತ್ತರ ಕೊಟ್ಟವರು ಸ್ವತಃ ಗಾವಸ್ಕರ್.