ಒಂದು ಕೋಣೆ, ಒಂದು ಸ್ಟವ್: ಲಂಡನ್ನಿನಲ್ಲಿ ವಿದ್ಯಾರ್ಥಿ ಗಾಂಧಿಯ ಅಡುಗೆ



ನಮ್ಮಲ್ಲಿ ಸಸ್ಯಾಹಾರಿಗಳಾದ ಬಹುಪಾಲು ಜನರಿಗೆ ಅದು ತಾವಾಗಿ ಆರಿಸಿಕೊಂಡ ಆಹಾರವಲ್ಲ, ಹುಟ್ಟಿನಿಂದ ಬಂದದ್ದು. ತಾಯಿ ಬಡಿಸಿದ್ದನ್ನು ಉಣ್ಣುವಷ್ಟು ಕಾಲ ಅದರ ಬಗ್ಗೆ ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಓದಿಗೋ ಉದ್ಯೋಗಕ್ಕೋ ಊರು ಬಿಟ್ಟು, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಹಸಿದು ಕುಳಿತಾಗ ಮಾತ್ರ ಪ್ರಶ್ನೆ ಏಳುತ್ತದೆ: ನಾನು ಇದನ್ನೇ ಏಕೆ ತಿನ್ನಬೇಕು? ಹೇಗೆ ಬೇಯಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎದುರಿಸಿದ ಒಬ್ಬ ಯುವಕನ ದಿನಚರಿಯನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

1888ರ ಸೆಪ್ಟೆಂಬರ್ 4ರಂದು ಮೋಹನದಾಸ ಕರಮಚಂದ ಗಾಂಧಿ ಮುಂಬಯಿಯಿಂದ ಹಡಗು ಹತ್ತಿದಾಗ ಆತನಿಗೆ ಇನ್ನೂ 19 ತುಂಬಿರಲಿಲ್ಲ. ಸಮುದ್ರ ದಾಟುವನೆಂದು ಜಾತಿಯ ಹಿರಿಯರು ಬಹಿಷ್ಕಾರ ಹಾಕಿದ್ದರು. ತಾಯಿ ಪುತಲೀಬಾಯಿ ಒಪ್ಪಿಗೆ ಕೊಟ್ಟದ್ದು ಒಂದು ಷರತ್ತಿನ ಮೇಲೆ. ಜೈನ ಸಾಧು ಬೇಚರ್‌ಜಿ ಸ್ವಾಮಿಗಳ ಎದುರಿನಲ್ಲಿ ಮಗನು ಮದ್ಯ, ಮಾಂಸ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಗ ಗಾಂಧಿ ಮನಸಾರೆ ಸಸ್ಯಾಹಾರಿಯಾಗಿರಲಿಲ್ಲ. ಬಾಲ್ಯದಲ್ಲಿ ಗೆಳೆಯನೊಬ್ಬನ ಜೊತೆ ಕದ್ದು ಮಾಂಸ ತಿಂದದ್ದೂ ಉಂಟು. ಆಂಗ್ಲರು ಬಲಿಷ್ಠರಾಗಿರುವುದು ಮಾಂಸದಿಂದ, ಭಾರತೀಯರೆಲ್ಲರೂ ಒಂದು ದಿನ ಅದನ್ನು ತಿನ್ನುವಂತಾಗಬೇಕು ಎಂಬುದು ಆತನ ಅಂದಿನ ನಂಬಿಕೆ. ಕೈಕಟ್ಟಿದ್ದು ತಾಯಿಗೆ ಕೊಟ್ಟ ಮಾತು ಮಾತ್ರ.

ಆ ಮಾತಿನ ಬೆಲೆ ಲಂಡನ್ನಿನಲ್ಲಿ ತಿಳಿಯಿತು. ಬೆಳಗ್ಗೆ ಓಟ್ಸ್ ಗಂಜಿ ಸಿಕ್ಕರೆ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ, ರಾತ್ರಿ ಬೇಯಿಸಿದ ಪಾಲಕ್ ಸೊಪ್ಪು, ಬ್ರೆಡ್ಡು, ಜಾಮು. ಉಪ್ಪು ಖಾರವಿಲ್ಲದ ಆ ಸೊಪ್ಪು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ಡು ಕೇಳಲು ಸಂಕೋಚ. ಮನೆಯೊಡತಿಯ ಹೆಣ್ಣುಮಕ್ಕಳು ಒತ್ತಾಯ ಮಾಡಿ ಒಂದೆರಡು ತುಂಡು ಹೆಚ್ಚಿಗೆ ಬಡಿಸುತ್ತಿದ್ದರು. ಇಡೀ ಬ್ರೆಡ್ಡೇ ಬೇಕಾಗಿತ್ತೆಂದು ಅವರಿಗೇನು ಗೊತ್ತು? ಹಿತೈಷಿ ಗೆಳೆಯನೊಬ್ಬ ಊಟಕ್ಕೆ ಕರೆದೊಯ್ದಾಗ, ಸೂಪಿನಲ್ಲಿ ಮಾಂಸವಿದೆಯೇ ಎಂದು ಬಡಿಸುವವನನ್ನು ವಿಚಾರಿಸಹೋಗಿ ಆ ಗೆಳೆಯನ ಸಿಟ್ಟಿಗೆ ಗುರಿಯಾಗಿ ಹೊರನಡೆಯಬೇಕಾಯಿತು. ಆ ರಾತ್ರಿ ಉಪವಾಸ.

ಹೀಗೆ ಅರೆಹೊಟ್ಟೆಯಲ್ಲಿ ಬೀದಿ ಸುತ್ತುತ್ತಿರುವಾಗ ಫ್ಯಾರಿಂಗ್ಡನ್ ಬೀದಿಯಲ್ಲೊಂದು ಸಸ್ಯಾಹಾರಿ ಹೋಟೆಲು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅಂದೇ. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಹೆನ್ರಿ ಸಾಲ್ಟ್ ಬರೆದ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ. ಅದುವರೆಗೆ ಕಟ್ಟುಪಾಡಾಗಿದ್ದುದು ಅಂದಿನಿಂದ ಸ್ವಂತ ನಿರ್ಧಾರವಾಯಿತು.

ಇಂಗ್ಲೆಂಡಿನಲ್ಲಿ ಸಸ್ಯಾಹಾರಿ ಹೋಟೆಲು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅಲ್ಲಿ ಸಸ್ಯಾಹಾರಿ ಸಂಘ ಸ್ಥಾಪನೆಯಾದದ್ದು 1847ರಲ್ಲಿ, ರಾಮ್ಸ್‌ಗೇಟ್ ಎಂಬ ಊರಿನಲ್ಲಿ. ಪ್ರಾಣಿದಯೆ, ಮದ್ಯವರ್ಜನೆ, ಆರೋಗ್ಯ ಸುಧಾರಣೆ ಇವೆಲ್ಲ ಸೇರಿದ ಚಳವಳಿ ಅದು. ಹುಟ್ಟಿನಿಂದಲ್ಲ, ವಾದದಿಂದ ಸಸ್ಯಾಹಾರಿಗಳಾದವರ ನಡುವೆ ನಮ್ಮ ಯುವಕ ಬಂದು ಸೇರಿದ್ದ.

ಮುಂದೆ ಖರ್ಚಿನ ಚಿಂತೆ ಹತ್ತಿತು. ಅಣ್ಣನು ಸಾಲ ಸೋಲ ಮಾಡಿ ಹಣ ಕಳಿಸುತ್ತಿದ್ದಾನೆ. ಪ್ರತಿಯೊಂದು ಕಾಸಿನ ಲೆಕ್ಕ ಬರೆದಿಡುವ ಅಭ್ಯಾಸವಂತೂ ಇತ್ತು. ವಾರಕ್ಕೆ ಎರಡು ಷಿಲಿಂಗಿನ ಕೋಣೆಯಲ್ಲಿದ್ದು, ಕೋಕೋ ಬ್ರೆಡ್ಡಿನಲ್ಲಿ ದಿನ ನೂಕುವ ಬಡ ವಿದ್ಯಾರ್ಥಿಯೊಬ್ಬನ ವಿಷಯ ತಿಳಿದಾಗ, ತಾನೂ ಎರಡು ಕೋಣೆ ಬಿಟ್ಟು ಒಂದಕ್ಕೆ ಬಂದ. ಒಂದು ಸ್ಟವ್ ಕೊಂಡ. ಬೆಳಗ್ಗೆ ತಾನೇ ಬೇಯಿಸಿದ ಓಟ್ಸ್ ಗಂಜಿ, ಕೋಕೋ. ಮಧ್ಯಾಹ್ನ ಹೊರಗೆ ಊಟ. ರಾತ್ರಿ ಕೋಣೆಯಲ್ಲಿ ಬ್ರೆಡ್ಡು, ಕೋಕೋ. ದಿನದ ಖರ್ಚು ಒಂದು ಷಿಲಿಂಗ್ ಮೂರು ಪೆನ್ನಿ. ಬಾಡಿಗೆ ಗಾಡಿಯ ಹಣ ಉಳಿಸಲು ದಿನಕ್ಕೆ ಎಂಟು ಹತ್ತು ಮೈಲಿ ನಡಿಗೆ.

ಊರಿನಿಂದ ಮಸಾಲೆ, ಸಿಹಿತಿಂಡಿ ತರಿಸಿಕೊಳ್ಳುವುದನ್ನೂ ನಿಲ್ಲಿಸಿದ. ಆಶ್ಚರ್ಯವೆಂದರೆ, ಮೊದಲು ಸಪ್ಪೆಯೆನಿಸಿದ್ದ ಅದೇ ಬೇಯಿಸಿದ ಪಾಲಕ್ ಈಗ ರುಚಿಸತೊಡಗಿತು. ರುಚಿ ನಾಲಗೆಗಿಂತ ಹೆಚ್ಚಾಗಿ ಮನಸ್ಸಿಗೆ ಸೇರಿದ್ದು ಎಂಬ ತೀರ್ಮಾನಕ್ಕೆ ಆತ ಬಂದ. ಪಿಷ್ಟ ಪದಾರ್ಥ ಬಿಟ್ಟು ನೋಡಿದ. ಬ್ರೆಡ್ಡು ಹಣ್ಣಿನಲ್ಲೇ ಇದ್ದು ನೋಡಿದ. ಮಾಂಸವೆಂದರೆ ಯಾವುದು ಎಂಬ ಬಗ್ಗೆ ಅಲ್ಲಿ ಮೂರು ವ್ಯಾಖ್ಯೆಗಳಿದ್ದವು. ಎರಡರಲ್ಲಿ ಮೊಟ್ಟೆಗೆ ಅವಕಾಶವಿತ್ತು. ಕೆಲವು ದಿನ ಮೊಟ್ಟೆ ತಿಂದ ಮೇಲೆ ಆತನಿಗೆ ಹೊಳೆಯಿತು: ಪ್ರತಿಜ್ಞೆಯ ಅರ್ಥ ನಿರ್ಧರಿಸಬೇಕಾದವಳು ಅದನ್ನು ಮಾಡಿಸಿದ ತಾಯಿ. ಆಕೆಯ ಮಟ್ಟಿಗೆ ಮೊಟ್ಟೆಯೂ ಮಾಂಸವೇ. ಮೊಟ್ಟೆ ನಿಂತಿತು. ಕೇಕು, ಪುಡಿಂಗಿನಲ್ಲಿ ಏನಿದೆ ಎಂದು ಕೇಳುವ ಮುಜುಗರ ಮತ್ತೆ ಶುರುವಾಯಿತು.

ಈ ಅಡುಗೆ ಕೋಣೆಯ ಹುಡುಗನೇ ಬೇಸ್‌ವಾಟರ್ ಬಡಾವಣೆಯಲ್ಲಿ ಸಸ್ಯಾಹಾರಿ ಕ್ಲಬ್ ಕಟ್ಟಿ ಕಾರ್ಯದರ್ಶಿಯಾದ. 1891ರಲ್ಲಿ 'ದಿ ವೆಜಿಟೇರಿಯನ್' ಪತ್ರಿಕೆಗೆ ಭಾರತೀಯ ಸಸ್ಯಾಹಾರಿಗಳ ಬಗ್ಗೆ ಲೇಖನಮಾಲೆ ಬರೆದ. ಸಭೆಯಲ್ಲಿ ಎದ್ದು ಮಾತಾಡಲು ನಾಲಗೆ ಹೊರಳದಿದ್ದರೂ, ಡಾ. ಆಲಿನ್ಸನ್ ಅವರನ್ನು ಅಭಿಪ್ರಾಯಭೇದಕ್ಕಾಗಿ ಸಂಘದಿಂದ ತೆಗೆಯುವ ಪ್ರಸ್ತಾಪ ಬಂದಾಗ ಅವರ ಪರ ನಿಂತ. ಅವರ ಅಭಿಪ್ರಾಯ ಆತನಿಗೆ ಒಪ್ಪಿಗೆಯಿರಲಿಲ್ಲ; ಆದರೆ ಅದಕ್ಕೂ ಸಸ್ಯಾಹಾರಕ್ಕೂ ಸಂಬಂಧವಿಲ್ಲ ಎಂಬುದು ಆತನ ವಾದ. ಸಾರ್ವಜನಿಕ ಜೀವನದ ಮೊದಲ ಪಾಠ ದೊರೆತದ್ದು ಊಟದ ವಿಷಯದಲ್ಲೇ ಎಂದರೆ ತಪ್ಪಾಗಲಾರದು.

ವಿಜ್ಞಾನದ ದೃಷ್ಟಿಯಿಂದ ಆ ಊಟವನ್ನು ಪರಿಶೀಲಿಸಿದರೆ? ಓಟ್ಸ್‌ನಲ್ಲಿ ಸಸಾರಜನಕ ಚೆನ್ನಾಗಿಯೇ ಇದೆ. ಆದರೆ ಅಂದು ವಿಟಮಿನ್ ಎಂಬ ಹೆಸರೇ ಇರಲಿಲ್ಲ. ಅದು ಬಂದದ್ದು 1912ರಲ್ಲಿ. ಸಸ್ಯಮೂಲದಿಂದ ಸಾಕಷ್ಟು ದೊರೆಯದ ಬಿ-12 ಬೇರ್ಪಡಿಸಲ್ಪಟ್ಟದ್ದು 1948ರಲ್ಲಿ. ಸಸ್ಯಾಹಾರಿಗೆ ಅದು ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದ. ಗಾಂಧೀಜಿ 1912ರಲ್ಲಿ ಹಾಲನ್ನೂ ಬಿಟ್ಟರು. 1918ರಲ್ಲಿ ಕಾಯಿಲೆ ಬಿದ್ದು ಕೃಶರಾದಾಗ, ಕಸ್ತೂರಬಾ ಸೂಚನೆಯಂತೆ ಆಡಿನ ಹಾಲಿಗೆ ಒಪ್ಪಿದರು. ಪ್ರತಿಜ್ಞೆಯ ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. 1927ರಲ್ಲಿ ನಂದಿಬೆಟ್ಟ, ಬೆಂಗಳೂರುಗಳಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ಇಲ್ಲಿನ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕಣೆಯನ್ನು ಆಸಕ್ತಿಯಿಂದ ಕಲಿತರು.

1891ರ ಜೂನ್ 12ರಂದು ಬ್ಯಾರಿಸ್ಟರ್ ಗಾಂಧಿ ಲಂಡನ್ ಬಿಟ್ಟರು. ಮಾತು ಉಳಿಸಿಕೊಂಡು ಬಂದೆನೆಂದು ಹೇಳಿಕೊಳ್ಳಬೇಕಾಗಿದ್ದ ತಾಯಿ, ಅವರು ಇಂಗ್ಲೆಂಡಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಪರದೇಶದಲ್ಲಿ ಮಗನಿಗೆ ಆಘಾತವಾದೀತೆಂದು ಅಣ್ಣ ತಿಳಿಸಿರಲಿಲ್ಲ. ಸುದ್ದಿ ತಿಳಿದದ್ದು ಮುಂಬಯಿಗೆ ಬಂದಿಳಿದ ಮೇಲೆ.

1931ರ ನವೆಂಬರಿನಲ್ಲಿ ಲಂಡನ್ ಸಸ್ಯಾಹಾರಿಗಳ ಸಭೆಯಲ್ಲಿ ಗಾಂಧೀಜಿ ಮಾತನಾಡಿದಾಗ ವೃದ್ಧ ಹೆನ್ರಿ ಸಾಲ್ಟ್ ವೇದಿಕೆಯ ಮೇಲಿದ್ದರು. ಆರೋಗ್ಯದ ಕಾರಣವೊಂದರಿಂದಲೇ ಸಸ್ಯಾಹಾರ ನಿಲ್ಲದು, ಅದಕ್ಕೆ ನೈತಿಕ ತಳಹದಿ ಬೇಕು ಎಂಬುದು ಅಂದಿನ ಭಾಷಣದ ಸಾರ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈಗ ದೂರದ ಊರಿನಲ್ಲಿ ಕೋಣೆ ಹಿಡಿದಿದ್ದರೆ, ಕುಕ್ಕರು, ಸಾರಿನ ಪುಡಿಗಳ ಜೊತೆಗೆ ಈ ಕಥೆಯನ್ನೂ ಕಟ್ಟಿಕೊಡಿ. ಏನು ತಿನ್ನಬೇಕೆಂಬುದನ್ನು ಅವರೇ ಯೋಚಿಸಿ ನಿರ್ಧರಿಸಲಿ. ಹಸಿದಿರುವುದು ಮಾತ್ರ ಬೇಡ.