ಹೆಸರು ಹಿಡಿದು ಹೇಳದ ಮಾತು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಇದೆ. ಅಲ್ಲಿಯ ಬಂಡೆಗಲ್ಲಿನ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡುಹಿಡಿದರು. ಅದುವರೆಗೆ ಬೆಳಕಿಗೆ ಬಂದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳೇ ಇದ್ದವು; ಮಸ್ಕಿಯ ಕಲ್ಲು ‘ಅಶೋಕ’ ಎಂದು ಹೆಸರು ಹಿಡಿದು ಹೇಳಿತು. ಆ ಒಂದು ಹೆಸರಿನಿಂದ ಎಷ್ಟು ಸಂದೇಹ ಪರಿಹಾರವಾಯಿತೆಂಬುದನ್ನು ವಾಚಕರು ಬಲ್ಲರು.

ಇದನ್ನೆಲ್ಲ ನನ್ನ ಮಗಳಿಗೆ ಕಲ್ಲಿನ ಮುಂದೆಯೇ ನಿಂತು ವಿವರಿಸಿದೆ. ಮರಳಿ ಬರುವಾಗ ಬಸ್ಸಿನಲ್ಲಿ ಹತ್ತು ವರ್ಷದ ಆ ಹುಡುಗಿ, “ಅಪ್ಪಾ, ಮುಟ್ಟು ಅಂದ್ರ ಏನು?” ಎಂದು ಕೇಳಿದಳು. “ನಿಮ್ಮವ್ವನ್ನ ಕೇಳವ್ವ” ಎಂದುಬಿಟ್ಟೆ. ತರಗತಿಯಲ್ಲಿ ಶೃಂಗಾರರಸವನ್ನು ವಿಭಾವ, ಅನುಭಾವಗಳ ಸಮೇತ ಬೋಧಿಸುವವನಿಗೆ ಒಂದು ಮನೆಮಾತಿನ ಅರ್ಥ ಹೇಳಲು ನಾಲಗೆ ಏಳಲಿಲ್ಲ. ಮನೆಯಲ್ಲಿ ಅವಳ ತಾಯಿ ಅಜ್ಜಿಯ ಕಡೆಗೆ ಕೈ ತೋರಿಸಿದಳು.

ಈ ಸಂಕೋಚವೇ ನಮ್ಮ ಸಂಸ್ಕೃತಿಯೆಂದು ಹೇಳುವವರಿದ್ದಾರೆ. ಸಾಹಿತ್ಯಚರಿತ್ರೆ ಹಾಗೆ ಹೇಳುವುದಿಲ್ಲ. 11ನೆಯ ಶತಮಾನದಲ್ಲಿ ಚಂದ್ರರಾಜ ‘ಮದನತಿಲಕ’ವೆಂಬ ಕಾಮಶಾಸ್ತ್ರ ಗ್ರಂಥವನ್ನು ಕನ್ನಡದಲ್ಲಿಯೇ ಬರೆದ. ಅದು ಚಾಲುಕ್ಯ ಜಯಸಿಂಹನ ಕಾಲ. ಚೋಳ ರಾಜೇಂದ್ರನೊಡನೆ ಮುಸಂಗಿಯಲ್ಲಿ, ಎಂದರೆ ಇದೇ ಮಸ್ಕಿಯಲ್ಲಿ, ಕಾದಿದನೆಂದು ವಿದ್ವಾಂಸರು ಹೇಳುವ ಜಯಸಿಂಹ. 15ನೆಯ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನು ರಚಿಸಿದ. ಕನ್ನಡಕ್ಕೆ ಈ ವಿಷಯದಲ್ಲಿ ಶಬ್ದದ ಬಡತನವಿರಲಿಲ್ಲ. ಆದರೆ ಆ ಗ್ರಂಥಗಳು ಓದುಬಲ್ಲ ಗಂಡಸರಿಗಾಗಿ ಹುಟ್ಟಿದವು, ಮಕ್ಕಳಿಗಾಗಿ ಅಲ್ಲ.

ಹೆಣ್ಣುಮಕ್ಕಳ ಪಾಠ ಬೇರೆಡೆ ನಡೆಯುತ್ತಿತ್ತು. ಅನೇಕ ಮನೆಗಳಲ್ಲಿ ಮೈನೆರೆಯುವ ಮೊದಲೇ ಮದುವೆ. ಮೈನೆರೆದ ಮೇಲೆ ಆರತಿ, ಒಸಗೆ, ಶೋಭನ. ಹಿರಿಯ ಮುತ್ತೈದೆಯರು ಹಾಡಿನ ನೆವದಲ್ಲಿ, ಹಾಸ್ಯದ ನೆವದಲ್ಲಿ ಹೇಳಬೇಕಾದುದನ್ನು ಅಷ್ಟಿಷ್ಟು ಹೇಳುತ್ತಿದ್ದರು. ಅದು ಮದುವೆಗೆ ಗಂಟುಹಾಕಿದ ಪಾಠ.

ಮುಂದೆ ಕಾಯದೆಗಳು ಬಂದವು. ಮೈಸೂರು ಸಂಸ್ಥಾನ 1894ರಲ್ಲಿಯೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು. 1930ರಲ್ಲಿ ಸರಕಾರವೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. 1929ರ ಶಾರದಾ ಕಾಯದೆ ಹೆಣ್ಣಿಗೆ 14 ವರ್ಷವನ್ನು ಗೊತ್ತುಪಡಿಸಿತು. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾಯದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು 1948ರ ವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. 1949ರಲ್ಲಿ ಆ ವಯಸ್ಸು 15 ಆಯಿತು, 1978ರಲ್ಲಿ 18. ಇವೆಲ್ಲ ಬೇಕಾದ ಸುಧಾರಣೆಗಳೇ. ಆದರೆ ಮೈನೆರೆಯುವುದಕ್ಕೂ ಮದುವೆಗೂ ನಡುವೆ ಐದಾರು ವರ್ಷಗಳ ಹೊಸ ಅಂತರವೊಂದು ಹುಟ್ಟಿತು. ಹೇಳುವ ಹೊತ್ತು ಮಾತ್ರ ಮದುವೆಗೇ ಅಂಟಿಕೊಂಡು ಉಳಿಯಿತು. ಹುಡುಗಿ ಶಾಲೆಗೆ ಹೋಗುವ ಆ ವರ್ಷಗಳಲ್ಲಿ ಅವಳಿಗೆ ಹೇಳುವವರಾರು? ಹುಡುಗರಿಗಂತೂ ಹೇಳುವವರು ಹಿಂದೆಯೂ ಇರಲಿಲ್ಲ.

ಅಂದು ರಾತ್ರಿ ನನ್ನ ತಾಯಿ ಮೊಮ್ಮಗಳಿಗೆ ಹೇಳಿದ್ದನ್ನು ನಾನು ಪಡಸಾಲೆಯಿಂದ ಕೇಳಿದೆ: “ಏನೋ ಗಾಯ ಆಗೇತಂತ ಅಂಜಿ ಹತ್ತಿ ಹೊಲದಾಗ ಅಡಗಿ ಕುಂತಿದ್ದೆ. ನಮ್ಮವ್ವ ಹುಡುಕ್ಕೋತ ಬಂದ್ಲು. ಏನೂ ಹೇಳಲಿಲ್ಲ, ಒಯ್ದು ಮೂಲ್ಯಾಗ ಕುಂದ್ರಿಸಿದ್ಲು. ಮರುದಿನದಿಂದ ಸಾಲಿ ಬಿಡಿಸಿದ್ರು.” ನಾಲ್ವತ್ತು ದಾಟಿದ ನನಗೆ ಅವ್ವ ಶಾಲೆ ಬಿಟ್ಟ ಕಾರಣ ತಿಳಿದದ್ದು ಅಂದು.

ಈ ಮೌನವನ್ನು ಮುರಿಯಲು ಯತ್ನಿಸಿದವರು ಇಲ್ಲದಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (1934–1991) ‘ಕೇಳು ಕಿಶೋರಿ’ ಬರೆದರು. ಆ ಹೆಸರಿನಲ್ಲಿಯೇ ಹಿರಿಯಳೊಬ್ಬಳು ಹತ್ತಿರ ಕೂಡಿಸಿಕೊಂಡು ಮಾತಾಡುವ ಧಾಟಿಯಿದೆ. ಆದರೆ 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣದ ಮಾತು ಬಂದಾಗ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಅದನ್ನು ಒಲ್ಲೆವೆಂದವು. ಅದು ಮನೆಯಲ್ಲಿ ಆಗಬೇಕಾದ ಪಾಠವೆಂಬ ವಾದವೂ ಕೇಳಿಬಂದಿತು. ಇರಬಹುದು; ಆದರೆ ಮನೆಯಲ್ಲಿ ನಾವು ಮಾಡಿದ್ದೇನು? ಅಪ್ಪ ಅವ್ವನ ಕಡೆಗೆ, ಅವ್ವ ಅಜ್ಜಿಯ ಕಡೆಗೆ ಕೈ ತೋರಿಸಿದೆವು.

2012ರಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯದೆ ಬಂದಿದೆ. ಆದರೆ ತನ್ನ ಮೈಯ ಅಂಗಗಳ ಹೆಸರನ್ನೇ ಅರಿಯದ, ಅರಿತರೂ ಆಡಬಾರದೆಂದು ಕಲಿತ ಮಗು ತನಗಾದ ಅನ್ಯಾಯವನ್ನು ಯಾವ ಮಾತಿನಲ್ಲಿ ಹೇಳೀತು? ಕಾಯದೆ ನ್ಯಾಯಾಲಯದಲ್ಲಿ ಕಾದಿರುತ್ತದೆ; ಮಾತು ಮೊದಲು ಮನೆಯಲ್ಲಿ ಹುಟ್ಟಬೇಕು.

ಮರುದಿನ ಬೆಳಿಗ್ಗೆ ಮಗಳನ್ನು ಕೂಡಿಸಿಕೊಂಡೆ. ಗರ್ಭಕೋಶವೆಂದರೇನು, ತಿಂಗಳಿಗೊಮ್ಮೆ ರಕ್ತ ಹೋಗುವುದೇಕೆ, ಅದು ಗಾಯವೂ ಅಲ್ಲ, ರೋಗವೂ ಅಲ್ಲ, ಮೈಲಿಗೆಯೂ ಅಲ್ಲವೆಂಬುದನ್ನು ತಿಳಿದಷ್ಟು ಹೇಳಿದೆ. ಎರಡು ಸಲ ತೊದಲಿದೆ. ಅವಳ ತಮ್ಮನೂ ಅಲ್ಲಿಯೇ ಇದ್ದ. ಅವನನ್ನು ಹೊರಗೆ ಕಳಿಸಲಿಲ್ಲ.

ಎಲ್ಲವನ್ನೂ ಕೇಳಿ ಅವಳು, “ಇಷ್ಟ ಏನಪ್ಪಾ? ನಿನ್ನೆ ಬಸ್ಸಿನ್ಯಾಗ ಹೇಳಬಹುದಿತ್ತಲ್ಲ” ಎಂದಳು. ಬಾಗಿಲಲ್ಲಿ ನಿಂತಿದ್ದ ಅವ್ವ ಏನೂ ಆಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.