ಒಂದು ನಾಯಿಯ ದೋಷ, ಒಂಬತ್ತು ತಳಿಗಳ ಕಥೆ

ನಮ್ಮ ಜತ್ತ ಸೀಮೆಯಲ್ಲಿ ಕುರಿ ಹಿಂಡಿನ ಜೊತೆ ಹೋಗುವ ನಾಯಿಯನ್ನು ಎಲ್ಲರೂ ಕಂಡಿದ್ದೇವೆ. ತೋಳ, ಕಳ್ಳರಿಂದ ಹಿಂಡನ್ನು ಕಾಯುವುದು ಅದರ ಕೆಲಸ. ಸ್ಕಾಟ್ಲೆಂಡಿನ ಕೋಲಿ ನಾಯಿಯ ಕೆಲಸ ಬೇರೆ. ಕುರಿಗಾಹಿಯ ಸಿಳ್ಳು ಕೇಳಿ ಗುಡ್ಡ ಸುತ್ತಿ, ಚದುರಿದ ಕುರಿಗಳನ್ನು ಒಟ್ಟುಗೂಡಿಸಿ ತರುವ ನಾಯಿ ಅದು. ಅದರ ಇತಿಹಾಸವನ್ನು ನಮ್ಮ ಮಕ್ಕಳು ಯಾಕೆ ತಿಳಿಯಬೇಕು ಎಂಬುದನ್ನು ಇಲ್ಲಿ ನೋಡೋಣ.

ಹಿಂದೆ ಅಲ್ಲಿನ ಕುರಿಗಾಹಿಗಳು ಕೆಲಸ ನೋಡಿ ಮರಿ ಆರಿಸುತ್ತಿದ್ದರು. 1860ರ ದಶಕದಲ್ಲಿ ವಿಕ್ಟೋರಿಯಾ ರಾಣಿ ಬಾಲ್ಮೋರಲ್‌ನಲ್ಲಿ ಕೋಲಿಗಳನ್ನು ಮೆಚ್ಚಿ ಸಾಕಿದಳು. ನಾಯಿ ಶ್ರೀಮಂತರ ಮನೆಗೂ ಪ್ರದರ್ಶನಗಳಿಗೂ ಬಂತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ನಾಯಿಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬೆಳೆಯಿತು. ತಂದೆ ಯಾರು, ತಾಯಿ ಯಾರು, ಗೆದ್ದ ಬಹುಮಾನ ಯಾವುದು, ಎಲ್ಲವೂ ದಾಖಲಾದವು. ಗೆದ್ದ ಗಂಡು ನಾಯಿಗೆ ಬೇಡಿಕೆ ಹೆಚ್ಚಿತು.

ಆದರೆ ಕಣ್ಣಿಗೆ ಕಾಣದ್ದನ್ನು ಯಾರು ಬರೆಯಬೇಕು? ಮೆಂಡೆಲ್ ಬಟಾಣಿ ಗಿಡಗಳ ಪ್ರಯೋಗವನ್ನು 1866ರಲ್ಲೇ ಪ್ರಕಟಿಸಿದ್ದ. 1900ರವರೆಗೆ ಅದರ ಬೆಲೆ ಲೋಕಕ್ಕೆ ತಿಳಿಯಲಿಲ್ಲ.

ಮುಚ್ಚಿಕೊಂಡಿದ್ದ ಒಂದು ದೋಷ ಹೊರಬಿದ್ದದ್ದು ಔಷಧದಿಂದ. ಜಪಾನಿನ ಸತೋಶಿ ಓಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಐವರ್ಮೆಕ್ಟಿನ್ ಎಂಬ ಜಂತುನಾಶಕಕ್ಕೆ ದಾರಿ ಮಾಡಿದರು. ಈ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ನಮ್ಮ ಕಡೆಯ ಕುರಿಗಳಿಗೂ ಕೊಡುವ ಔಷಧವೇ ಇದು. 1980ರ ದಶಕದಲ್ಲಿ ಇದೇ ಔಷಧದಿಂದ ಕೆಲವು ಕೋಲಿಗಳು ತೂರಾಡಿ, ಜೊಲ್ಲು ಸುರಿಸಿ, ಎಚ್ಚರ ತಪ್ಪಿದವು, ಕೆಲವು ಸತ್ತವು. ಬೇರೆ ನಾಯಿಗಳು ಅಷ್ಟೇ ಪ್ರಮಾಣವನ್ನು ತಾಳಿಕೊಂಡವು.

ಕಾರಣ ತಿಳಿದದ್ದು 2001ರಲ್ಲಿ. ಮೆದುಳಿನ ರಕ್ತನಾಳಗಳ ಗೋಡೆಯಲ್ಲಿ ಒಂದು ಪ್ರೋಟೀನು ಇದೆ. ಮೆದುಳಿಗೆ ನುಗ್ಗುವ ಇಂಥ ಔಷಧಗಳನ್ನು ಅದು ಹೊರಗೆ ತಳ್ಳುತ್ತದೆ. ಅದನ್ನು ರೂಪಿಸುವ ಎಂಡಿಆರ್1 ಎಂಬ ವಂಶವಾಹಿಯಲ್ಲಿ ನಾಲ್ಕೇ ನಾಲ್ಕು ಅಕ್ಷರ ಬಿಟ್ಟುಹೋಗಿರುವುದನ್ನು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರಿನಾ ಮೀಲಿ ಮತ್ತು ಸಂಗಡಿಗರು ಕಂಡುಹಿಡಿದರು. 2004ರಲ್ಲಿ ಇನ್ನೊಂದು ಅಧ್ಯಯನ ಇದೇ ದೋಷವನ್ನು ಒಟ್ಟು ಒಂಬತ್ತು ತಳಿಗಳಲ್ಲಿ ಗುರುತಿಸಿತು. ಅವುಗಳಲ್ಲಿ ಎರಡು ಕುರಿನಾಯಿಗಳೇ ಅಲ್ಲ, ಬೇಟೆನಾಯಿಗಳು. ದೋಷವುಳ್ಳ ನಾಯಿಗಳೆಲ್ಲ ಸುಮಾರು 1873ಕ್ಕಿಂತ ಮುಂಚೆ ಬ್ರಿಟನ್ನಿನಲ್ಲಿ ಬದುಕಿದ್ದ ಒಂದೇ ನಾಯಿಯ ಸಂತಾನ ಎಂದು ಸಂಶೋಧಕರು ತೀರ್ಮಾನಿಸಿದರು. ವಂಶಾವಳಿಯ ಪುಸ್ತಕದಲ್ಲಿ ಆ ನಾಯಿಯ ಹೆಸರಿಲ್ಲ!

ಈಗ ನಾಯಿಯ ರಕ್ತದಿಂದಲೋ ಕೆನ್ನೆಯ ಒಳಭಾಗ ಒರೆಸಿದ ಹತ್ತಿಯಿಂದಲೋ ಈ ಪರೀಕ್ಷೆ ಸಾಧ್ಯ. ಇಲ್ಲಿ ತರಗತಿಯ ಮೆಂಡೆಲ್ ಪಾಠ ನೆನಪಿಗೆ ಬರಲಿ. ದೋಷದ ಒಂದೊಂದು ಪ್ರತಿ ಇರುವ ತಂದೆತಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದಕ್ಕೆ ಎರಡು ಪ್ರತಿ ಬರುತ್ತವೆ. ಅಪಾಯ ಅದಕ್ಕೇ ಹೆಚ್ಚು. ಒಂದು ಪ್ರತಿ ಇರುವ ನಾಯಿಯನ್ನು ದೋಷವಿಲ್ಲದ ನಾಯಿಯ ಜೊತೆ ಕೂಡಿಸಿದರೆ ಯಾವ ಮರಿಗೂ ಎರಡು ಬಾರವು.

ಹಾಗಾದರೆ ದೋಷವುಳ್ಳ ನಾಯಿಗಳನ್ನೆಲ್ಲ ಒಮ್ಮೆಗೇ ಸಂತಾನದಿಂದ ಹೊರಗಿಡಬಹುದಲ್ಲ ಎಂದು ಮಕ್ಕಳು ಕೇಳಬಹುದು. ಕೋಲಿಗಳಲ್ಲಿ ಶೇಕಡಾ 70ರಷ್ಟಕ್ಕೆ ಕನಿಷ್ಠ ಒಂದು ಪ್ರತಿ ಇದೆ. ಅಷ್ಟನ್ನೂ ತೆಗೆದರೆ ಉಳಿದ ಕೆಲವೇ ನಾಯಿಗಳೊಳಗೆ ರಕ್ತಸಂಬಂಧ ಹೆಚ್ಚಿ, ಬೇರೆ ಬಚ್ಚಿಟ್ಟ ರೋಗಗಳು ಮೇಲೇಳುತ್ತವೆ. ಆದ್ದರಿಂದ ಜೋಡಿಯನ್ನು ನೋಡಿ ಕೂಡಿಸುತ್ತ, ತಲೆಮಾರಿನಿಂದ ತಲೆಮಾರಿಗೆ ದೋಷವನ್ನು ಕಡಿಮೆ ಮಾಡುವುದೇ ಜವಾಬ್ದಾರಿಯ ದಾರಿ. ಕೋಲಿ ಮರಿಗಳಿಗೆ ಹುಟ್ಟಿನಿಂದ ಬರುವ ಕಣ್ಣಿನ ದೋಷವೂ ಉಂಟು. ಅದನ್ನು ಆರರಿಂದ ಎಂಟು ವಾರದೊಳಗೆ ಪರೀಕ್ಷಿಸಬೇಕು. ಮರಿ ಬೆಳೆದಂತೆ ಕಣ್ಣಿನೊಳಗಿನ ಬಣ್ಣ ದೋಷವನ್ನು ಮುಚ್ಚಿಬಿಡಬಹುದು.

ನಮ್ಮ ಊರುಗಳಲ್ಲೂ ಇಂಥ ತಳಿಯ ಮರಿ ತರುವವರಿದ್ದಾರೆ. ತರುವವರು ಬಣ್ಣ, ಬೆಲೆ ಕೇಳುವ ಮೊದಲು ತಂದೆತಾಯಿ ಎರಡರ ಪರೀಕ್ಷಾ ವರದಿಯನ್ನೂ ಕೇಳಲಿ. ಕುರಿಗೆ ತಂದ ಜಂತಿನ ಔಷಧವನ್ನು ವೈದ್ಯರನ್ನು ಕೇಳದೆ ನಾಯಿಗೆ ಹಾಕುವುದು ಬೇಡ. ಔಷಧ ಕುಡಿದ ಕುರಿಯ ಹಿಕ್ಕೆ ತಿಂದೂ ಇಂಥ ನಾಯಿ ಸತ್ತೀತು. ಕುರಿಗೆ ಔಷಧ ಹಾಕಿದ ಮೇಲೆ ಕೆಲವು ದಿನ ಅದನ್ನು ಹಟ್ಟಿಯಿಂದ ದೂರ ಕಟ್ಟಿಹಾಕೋಣ.